ಮರಿಮೀನಿಗೆ ಮೊದಲ ಬ್ಯಾಕ್ಟೀರಿಯಾ ಕೊಟ್ಟವರು ಯಾರು?

ಎಲ್‌ಎಲ್‌ಸಿ ಕಾಲುವೆಯಲ್ಲೋ ನಿಮ್ಮೂರ ಕೆರೆಯಲ್ಲೋ ಜಿಲೇಬಿ ಮೀನನ್ನು ನೀವೆಲ್ಲ ನೋಡಿರ್ತೀರಿ. ಪುಸ್ತಕದ ಹೆಸರು ತಿಲಾಪಿಯಾ. ಆಫ್ರಿಕಾದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತಂದರು. ಇದರ ಹೆಣ್ಣು ಮೊಟ್ಟೆಯಿಟ್ಟ ಕೂಡಲೇ ಅವನ್ನೆಲ್ಲ ಬಾಯಿಗೆ ತುಂಬಿಕೊಳ್ಳುತ್ತದೆ. ನುಂಗೋದಿಲ್ಲ! ಮೊಟ್ಟೆ ಒಡೆದು ಮರಿಗಳು ಈಜುವಷ್ಟಾಗುವ ತನಕ, ಸುಮಾರು ಹತ್ತು ಹದಿನೈದು ದಿನ, ತಾಯಿಯ ಬಾಯೇ ತೊಟ್ಟಿಲು. ಆಮೇಲೂ ಏನಾದರೂ ಭಯವಾದರೆ ಮರಿಗಳು ಸರ್ರನೆ ಅದೇ ಬಾಯಿಗೆ ನುಗ್ಗುತ್ತವೆ.

ಆ ಬಾಯಲ್ಲಿ ಮರಿಗಳಿಗೆ ರಕ್ಷಣೆ ಮಾತ್ರ ಸಿಗುತ್ತದಾ? ತಾಯಿಯ ಬಾಯೊಳಗೆ ಲೋಳೆ ಇದೆ, ಲೋಳೆಯಲ್ಲಿ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಇವೆ. ಬ್ಯಾಕ್ಟೀರಿಯಾ ಅಂದ ತಕ್ಷಣ ನಮಗೆ ರೋಗ ನೆನಪಾಗುತ್ತದೆ. ಆದರೆ ಹಾಲಿಗೆ ಹೆಪ್ಪು ಹಾಕುವಾಗ ನಾವು ಬೇಕೆಂದೇ ಬ್ಯಾಕ್ಟೀರಿಯಾ ಸೇರಿಸ್ತೀವಲ್ಲ? ಮೀನಿನ ಕರುಳಿಗೂ ಅಂಥ ಹೆಪ್ಪು ಬೇಕು.

ಬೇಕು ಅಂತ ಗೊತ್ತಾದದ್ದು ಹೇಗೆ? ಜೀಬ್ರಾ ಮೀನಿನಿಂದ. ಬೆರಳುದ್ದವೂ ಇಲ್ಲದ ಈ ಪಟ್ಟೆಮೀನು ನಮ್ಮ ದೇಶದ್ದೇ. ಮರಿ ಗಾಜಿನಂತೆ ಪಾರದರ್ಶಕ, ಒಳಗಿನ ಕರುಳು ಕಾಣುತ್ತದೆ. 2004ರಲ್ಲಿ ಅಮೆರಿಕದ ಜಾನ್ ರಾಲ್ಸ್ ಮತ್ತು ಜೊತೆಗಾರರು, ಬ್ಯಾಕ್ಟೀರಿಯಾ ಒಂದೂ ಇಲ್ಲದಂತೆ ಬೆಳೆಸಿದ ಮರಿಗಳನ್ನು ಸಾಮಾನ್ಯ ಮರಿಗಳ ಜೊತೆ ಹೋಲಿಸಿದರು. ಬ್ಯಾಕ್ಟೀರಿಯಾ ಇದ್ದ ಮರಿಗಳ ಕರುಳಿನಲ್ಲಿ ಹೊಸ ಕೋಶಗಳು ಚೆನ್ನಾಗಿ ಹುಟ್ಟುತ್ತಿದ್ದವು. ಆಹಾರ ಬಳಸಿಕೊಳ್ಳುವ, ರೋಗ ತಡೆಯುವ ಜೀನ್‌ಗಳೂ ಚುರುಕಾಗಿದ್ದವು.

ಇಲ್ಲೊಂದು ಸುಳಿವು ಅಡಗಿದೆ, ಸ್ವಲ್ಪ ನಿಂತು ಯೋಚಿಸ್ರಿ. ಇಂಥ ಮರಿಗಳನ್ನು ಪಡೆಯಲು ಮೊಟ್ಟೆಯ ಹೊರಮೈಯನ್ನು ಔಷಧದಿಂದ ತೊಳೆದು, ಶುದ್ಧ ಮಾಡಿದ ನೀರಿನಲ್ಲಿ ಇಡುತ್ತಾರೆ. ಹೊರಗೆ ತೊಳೆದರೆ ಸಾಕಾಗುತ್ತದೆ ಅಂದರೆ, ಈ ಮೀನಿನಲ್ಲಿ ಬ್ಯಾಕ್ಟೀರಿಯಾ ಮೊಟ್ಟೆಯ ಒಳಗೆ ಕೂತು ಬರೋದಿಲ್ಲ. ಮೊಟ್ಟೆಯ ಸಿಪ್ಪೆಗೆ ಅಂಟಿಯೋ ನೀರಿನಿಂದಲೋ ಬರಬೇಕು.

ಈಗ ಕಷ್ಟದ ಪ್ರಶ್ನೆ. ತಾಯಿಯಲ್ಲಿರುವ ಬ್ಯಾಕ್ಟೀರಿಯಾವೇ ಮರಿಯಲ್ಲೂ ಸಿಕ್ಕಿತು ಅಂತಿಟ್ಟುಕೊಳ್ಳಿ. ತಾಯಿ ಕೊಟ್ಟಳು ಅನ್ನಬಹುದಾ? ಅನ್ನೋಕಾಗಲ್ಲ. ಇಬ್ಬರಿಗೂ ಅದೇ ನೀರಿನಿಂದ ಬಂದಿರಬಹುದು. ಹಾಗಾಗಿ ನೀರನ್ನೂ ಪರೀಕ್ಷಿಸಲೇಬೇಕು. ಅಮೆಜಾನ್ ನದಿಯ ಡಿಸ್ಕಸ್ ಮೀನಿನ ವಿಷಯದಲ್ಲಿ ಇದು ನಡೆದಿದೆ. ಅದರ ಮರಿಗಳು ಮೊದಲ ದಿನಗಳಲ್ಲಿ ತಂದೆ ತಾಯಿ ಇಬ್ಬರ ಮೈಮೇಲಿನ ಲೋಳೆಯನ್ನೇ ತಿಂದು ಬೆಳೆಯುತ್ತವೆ. ಹಾಲು ಕುಡಿದ ಹಾಗೇ ಅನ್ನಿ. 2017ರಲ್ಲಿ ಕೆನಡಾದ ಇಬ್ಬರು ಸಂಶೋಧಕರು ಪ್ರಕಟಿಸಿದ ಅಧ್ಯಯನದ ಪ್ರಕಾರ ಮರಿಗಳ ಕರುಳಿಗೆ ಬ್ಯಾಕ್ಟೀರಿಯಾ ಎರಡೂ ಕಡೆಯಿಂದ ಸೇರುತ್ತವೆ: ಹೆತ್ತವರ ಲೋಳೆಯಿಂದ, ಸುತ್ತಲಿನ ನೀರಿನಿಂದ.

ಕೆರೆಗೆ ಬಿಡುವ ಕಟ್ಲಾ, ರೋಹು ಮೀನುಗಳ ಕಥೆ ಬೇರೆ. ಅವು ಮೊಟ್ಟೆಯಿಟ್ಟು ಹೋಗಿಬಿಡುತ್ತವೆ, ತಿರುಗಿ ನೋಡೋದಿಲ್ಲ. ಆ ಮರಿಗಳು ಹೆಚ್ಚಾಗಿ ನೀರನ್ನೇ ನಂಬಬೇಕು. ಮರಿ ಸಾಕುವ ತೊಟ್ಟಿಯ ನೀರು ಕೆಟ್ಟರೆ ಮೊದಲು ಕರುಳು ಸೇರುವುದು ರೋಗಾಣುವೇ ಆಗಬಹುದು. ಹಾಗಂತ ಸಿಕ್ಕ ಸಿಕ್ಕ ಔಷಧ ಸುರಿದರೆ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ.

ತಿಲಾಪಿಯಾ ಸಾಕುವ ಕೇಂದ್ರಗಳಲ್ಲಿ ತಾಯಿಯ ಬಾಯಿಂದ ಮೊಟ್ಟೆ ತೆಗೆದು, ನೀರು ಹರಿಯುವ ಜಾಡಿಗಳಲ್ಲಿ ಮರಿ ಮಾಡಿಸುವುದುಂಟು. ಜಾಡಿಯ ಮರಿಗೂ ಬಾಯಲ್ಲೇ ಬೆಳೆದ ಮರಿಗೂ ಕರುಳಿನ ಬ್ಯಾಕ್ಟೀರಿಯಾದಲ್ಲಿ ವ್ಯತ್ಯಾಸ ಇದೆಯಾ ಅಂತ ತಿಳಿಯಲು ಯಾವ ಯಾವ ಮಾದರಿ ತೆಗೆಯುತ್ತೀರಿ? ಎರಡೂ ಗುಂಪಿಗೆ ಯಾವುದು ಒಂದೇ ಇರಬೇಕು? ಪಟ್ಟಿ ಮಾಡಿ ತರಗತಿಯಲ್ಲಿ ವಾದ ಮಾಡಿ ನೋಡ್ರಿ. ಕಾಲುವೆಯ ಮೀನನ್ನು ಮಾತ್ರ ದಡದಲ್ಲಿ ನಿಂತೇ ನೋಡಿ, ನೀರಿಗೆ ಇಳಿಯಬೇಡಿ.