ಹನ್ನೊಂದು ತಿಂಗಳ ಕರಾರು, ಒಂಬತ್ತು ತಿಂಗಳ ಕೂಸು

ಡೊಂಬಿವಲಿಯಲ್ಲಿ ಒಂದು ಮನೆ ಬಾಡಿಗೆಗೆ ಹಿಡಿಯುವಾಗ ನೀವು ಹನ್ನೊಂದು ತಿಂಗಳ ಕರಾರನ್ನು ಸಾಲು ಬಿಡದೆ ಓದುತ್ತೀರಿ, ನೋಂದಣಿ ಮಾಡಿಸುತ್ತೀರಿ. ಬಾಡಿಗೆ ತಾಯ್ತನದ ಮಾತು ಬಂದರೆ ಮಾತ್ರ ಏಜೆಂಟ್ ವಾಟ್ಸಾಪ್‌ನಲ್ಲಿ ಕಳಿಸಿದ ಒಂದು ಪುಟ ನಂಬಿ ಮುಂಗಡ ಕೊಟ್ಟುಬಿಡುತ್ತೀರಿ. ಇದೆಂಥ ಜಾಣತನ ಹೇಳಿ?

2010ರಲ್ಲಿ ಇಸ್ರೇಲಿನ ಒಬ್ಬ ತಂದೆ ಬಾಡಿಗೆ ತಾಯಿಯಿಂದ ಪಡೆದ ಅವಳಿ ಕೂಸುಗಳನ್ನು ಎತ್ತಿಕೊಂಡು ಇದೇ ಮುಂಬಯಿಯಲ್ಲಿ ಸಿಕ್ಕಿಬಿದ್ದಿದ್ದ. ಪಿತೃತ್ವ ಪರೀಕ್ಷೆಗೆ ಜೆರುಸಲೇಮಿನ ಕೋರ್ಟು ಮೊದಲು ಒಪ್ಪಲಿಲ್ಲ. ಪರೀಕ್ಷೆಯಿಲ್ಲದೆ ಪೌರತ್ವವಿಲ್ಲ, ಪೌರತ್ವವಿಲ್ಲದೆ ಪಾಸ್‌ಪೋರ್ಟಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರೆ ಜನ ನಗುತ್ತಾರೆ. ಇಲ್ಲಿ ಮಾತ್ರ ಮೊದಲೇ ಹೊಲಿಸಿ. 2022ರ ಜನವರಿ 25ರಿಂದ ಜಾರಿಯಲ್ಲಿರುವ ಬಾಡಿಗೆ ತಾಯ್ತನ ಕಾಯ್ದೆಯಂತೆ, ನೀವೂ ಹೊರುವ ತಾಯಿಯೂ ಅರ್ಜಿ ಹಾಕಿ, ಮಗು ಯಾರದು, ಯಾರ ಸುಪರ್ದಿಗೆ ಎಂದು ಮ್ಯಾಜಿಸ್ಟ್ರೇಟರ ಆದೇಶ ಪಡೆಯಬೇಕು. ಹೆರಿಗೆಯ ನಂತರ ಜನನದ ಅಫಿಡವಿಟ್ ಅದೇ. ಆ ಆದೇಶ ಕೈಗೆ ಬರುವ ತನಕ ಚಿಕಿತ್ಸೆಗೆ ಅವಸರ ಮಾಡಬೇಡಿ. ನೋಂದಣಿಯಿಲ್ಲದ ಕ್ಲಿನಿಕ್ಕಿನ ಮೆಟ್ಟಿಲು ಹತ್ತಬೇಡಿ.

'ಬಾಡಿಗೆ' ಎಂಬುದು ರೂಢಿಯ ಮಾತಷ್ಟೇ; ಗರ್ಭಕ್ಕೆ ಬೆಲೆ ಕಟ್ಟಿದರೆ ಜೈಲು. ಹೊರುವ ತಾಯಿಯ ವೈದ್ಯಕೀಯ ಖರ್ಚು, 36 ತಿಂಗಳ ವಿಮೆ ನಿಮ್ಮ ಹೊಣೆ. ಮರಾಠಿ ಮಾತ್ರ ಬಲ್ಲವಳ ಮುಂದೆ ಇಂಗ್ಲಿಷ್ ಕಾಗದ ಹಿಡಿದು ಹೆಬ್ಬೆಟ್ಟು ಒತ್ತಿಸಬೇಡಿ. ಅವಳಿಗೆ ತಿಳಿಯುವ ಭಾಷೆಯಲ್ಲೇ ಒಪ್ಪಿಗೆ ಬರೆಸಬೇಕು. ಭ್ರೂಣ ಇಡುವ ಮುಂಚೆ ಅವಳು ಮನಸ್ಸು ಬದಲಿಸಿದರೆ ಮುನಿಯಬೇಡಿ, ಆ ಹಕ್ಕು ಅವಳಿಗಿದೆ.

ಪರದೇಶದಲ್ಲಿರುವ ಮಗಳು ಅಳಿಯನಿಗೂ ಇದನ್ನು ಹೇಳಿ. ಭಾರತೀಯ ಮೂಲದವರಿಗೆ ಇಲ್ಲಿ ಬಾಡಿಗೆ ತಾಯ್ತನ ಮಂಡಳಿಯ ಶಿಫಾರಸು ಬೇಕು. ಬೇರೆ ವಿದೇಶಿಯರಿಗೆ ಬಾಗಿಲು ಮುಚ್ಚಿದೆ. ಹೊರದೇಶದಲ್ಲಿ ಮಾಡಿಸುವುದಾದರೆ, ಜನನ ಪತ್ರದಲ್ಲಿ ತಾಯಿಯೆಂದು ಯಾರ ಹೆಸರು ಬರುತ್ತದೆ, ಮಗು ಯಾವ ದೇಶದ ಪ್ರಜೆ, ಈ ಎರಡಕ್ಕೂ ಮೊದಲೇ ಬರಹದಲ್ಲಿ ಉತ್ತರ ಪಡೆಯಲಿ. ಏಜೆಂಟನ 'ಆಗುತ್ತೆ ಬಿಡಿ' ಉತ್ತರವಲ್ಲ.

ಕೊನೆಯ ಮಾತು. ಹೆಣ್ಣಾಗಲಿ, ಅವಳಿಯಾಗಲಿ, ಅಂಗ ಊನವಾಗಲಿ, ಹುಟ್ಟಿದ ಮಗುವನ್ನು ಬಿಟ್ಟುಹೋಗುವಂತಿಲ್ಲ. ಬಾಡಿಗೆ ಮನೆಯನ್ನಾದರೆ ನೋಟಿಸ್ ಕೊಟ್ಟು ಬಿಡಬಹುದು, ಮಗುವನ್ನಲ್ಲ.