ಬಾಳೆ, ಅರಿಶಿನಕ್ಕೆ ಬೀಜವೇಕಿಲ್ಲ?
(ರೇಣು ರಚನೆಯಲ್ಲಿ ಕೋಶದ ಹಂದರದ ಪಾತ್ರ)

ನಂಜನಗೂಡಿನಿಂದ ಗುಂಡ್ಲುಪೇಟೆಗೆ ಹೋಗುವ ಹೆದ್ದಾರಿಯಲ್ಲಿರುವ ಬೇಗೂರಿನ ಆಸುಪಾಸಿನ ರೈತರಿಗೆ ಬಾಳೆ ಮತ್ತು ಅರಿಶಿನ ಚಿರಪರಿಚಿತ ಬೆಳೆಗಳು. ಜೋಳ, ರಾಗಿಯನ್ನು ಬೀಜದಿಂದ ಬಿತ್ತುವ ರೈತರು ಬಾಳೆಗೆ ಕಂದನ್ನೂ ಅರಿಶಿನಕ್ಕೆ ಗೆಡ್ಡೆಯನ್ನೂ ಹುಡುಕಬೇಕಾಗುತ್ತದೆ. ಎರಡೂ ಹೂ ಬಿಡುತ್ತವೆ. ಆದರೆ ಬೀಜ ಕಟ್ಟುವುದು ಬಲು ಅಪರೂಪ. ಇದರ ಕಾರಣವನ್ನು ಅರಿತರೆ ನಾಟಿಗೆ ಬಳಸುವ ಕಂದು, ಗೆಡ್ಡೆಗಳ ಆಯ್ಕೆಯ ಮಹತ್ವ ಮನದಟ್ಟಾಗುತ್ತದೆ.

ಕೋಶದ ಹಂದರ

ಸಸ್ಯದ ಜೀವಕೋಶ ಬರಿಯ ರಸ ತುಂಬಿದ ಚೀಲವಲ್ಲ. ಅದರೊಳಗೆ ಪ್ರೋಟೀನಿನ ಎಳೆಗಳಿಂದಾದ ಹಂದರವೊಂದಿದೆ. ಈ ಎಳೆಗಳಲ್ಲಿ ಮುಖ್ಯವಾದವು ಸೂಕ್ಷ್ಮನಳಿಕೆಗಳು. ಇವು ಎಷ್ಟು ಸಣ್ಣವೆಂದರೆ ಒಂದು ಮಿಲಿಮೀಟರಿನಲ್ಲಿ ಸುಮಾರು 40,000 ನಳಿಕೆಗಳನ್ನು ಒತ್ತಾಗಿ ಜೋಡಿಸಬಹುದು. ಬೇಕಾದಾಗ ಕಟ್ಟಿಕೊಂಡು, ಕೆಲಸ ಮುಗಿದೊಡನೆ ಕಳಚಿಕೊಳ್ಳುವುದು ಈ ಹಂದರದ ವಿಶೇಷ.

ರೇಣು ಹುಟ್ಟುವ ಬಗೆ

ಹೂವಿನ ಪರಾಗಚೀಲದಲ್ಲಿ ಪ್ರತಿ ತಾಯಿಕೋಶವೂ ಎರಡು ಬಾರಿ ಒಡೆದು ನಾಲ್ಕು ರೇಣುಗಳಾಗುತ್ತದೆ. ಆಗ ಸೂಕ್ಷ್ಮನಳಿಕೆಗಳು ನೂಲುವ ಕದಿರಿನ ಆಕಾರದಲ್ಲಿ ನಿಂತು, ವಂಶಗುಣಗಳನ್ನು ಹೊತ್ತ ವರ್ಣತಂತುಗಳನ್ನು ಎರಡು ತುದಿಗಳಿಗೆ ಎಳೆಯುತ್ತವೆ. ನಡುವೆ ಹೊಸ ಗೋಡೆ ಏಳಲು ನೆರವಾಗುವುದೂ ಇವೇ. ಜೋಳದಲ್ಲಿ 20 ವರ್ಣತಂತುಗಳು, ಅಂದರೆ 10 ಜೊತೆಗಳಿವೆ. ಜೊತೆಯಲ್ಲಿ ಒಂದು ಈ ಕಡೆಗೆ, ಇನ್ನೊಂದು ಆ ಕಡೆಗೆ ಹೋಗಿ, ಪ್ರತಿ ರೇಣುವಿಗೂ ಸರಿಯಾಗಿ 10 ದೊರೆಯುತ್ತವೆ.

ಬೇಲಿಯಲ್ಲಿ ಹಬ್ಬುವ ಅಗ್ನಿಶಿಖೆಯ ವಿಷವಾದ ಕಾಲ್ಚಿಸಿನ್ ಈ ನಳಿಕೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಆಗ ಕೋಶ ಒಡೆಯದೆ ಇಮ್ಮಡಿ ವರ್ಣತಂತುಗಳೊಡನೆ ಉಳಿಯುತ್ತದೆ. ಹಂದರವಿಲ್ಲದೆ ಹಂಚಿಕೆಯಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಮೂರರ ತೊಡಕು

ನಂಜನಗೂಡು ರಸಬಾಳೆಯಲ್ಲಿ 11ರಂತೆ ಮೂರು ತಂಡ, ಒಟ್ಟು 33 ವರ್ಣತಂತುಗಳಿವೆ. ಅರಿಶಿನದಲ್ಲಿ ಸಾಮಾನ್ಯವಾಗಿ 21ರಂತೆ ಮೂರು ತಂಡ, ಒಟ್ಟು 63. ಎಳೆಯುವ ತುದಿಗಳು ಎರಡೇ; ಪಾಲುದಾರರು ಮೂವರು! ಒಂದು ಕಡೆಗೆ ಎರಡು, ಇನ್ನೊಂದು ಕಡೆಗೆ ಒಂದು ಹೋಗುತ್ತವೆ. ಕೆಲವು ನಡುವೆಯೇ ಉಳಿಯುತ್ತವೆ. ಹೀಗೆ ಏರುಪೇರಾದ ರೇಣುಗಳಲ್ಲಿ ಹೆಚ್ಚಿನವು ಜೊಳ್ಳಾಗುತ್ತವೆ. ಅಂಡಾಶಯದಲ್ಲಿಯೂ ಇದೇ ತೊಡಕು. ಬಾಳೆಯ ಕಾಯಿ ಮಾತ್ರ ಪರಾಗದ ಹಂಗಿಲ್ಲದೆ ಬೆಳೆಯುತ್ತದೆ.

ರೈತರಿಗೆ ಇದರಿಂದ ಏನು?

ಬೀಜವಿಲ್ಲದ ಕಾರಣ ತೋಟದ ಗಿಡಗಳೆಲ್ಲ ಒಂದೇ ಗುಣದವು. ಒಂದಕ್ಕೆ ತಗಲುವ ರೋಗ ಎಲ್ಲಕ್ಕೂ ತಗಲಬಲ್ಲದು. ತಾಯಿಯ ರೋಗ ಕಂದಿನೊಡನೆ ಹೊಸ ತೋಟಕ್ಕೂ ಹೋಗುತ್ತದೆ. ಹೆಸರಾಂತ ರಸಬಾಳೆಯ ತೋಟಗಳು ಪನಾಮ ಸೊರಗು ರೋಗದಿಂದ ಕ್ಷೀಣಿಸಿದುದು ಹೀಗೆಯೇ. ನಿರೋಧಕ ತಳಿಯನ್ನು ಸಂಕರಣದಿಂದ ಪಡೆಯುವುದೂ ಕಷ್ಟ. ಆದ್ದರಿಂದ ಈ ಕೆಳಗಿನ ಕ್ರಮಗಳು ಅವಶ್ಯಕ:

1. ಸೊರಗು ರೋಗ ಕಂಡ ತೋಟದಿಂದ, ಗಿಡ ಎಷ್ಟೇ ಚೆನ್ನಾಗಿ ಕಂಡರೂ, ಕಂದು ತರಬಾರದು.

2. ಅಂಗಾಂಶ ಕೃಷಿಯ ಸಸಿ ರೋಗರಹಿತವಾಗಿದ್ದರೂ ರೋಗನಿರೋಧಕವಲ್ಲ. ಶಿಲೀಂಧ್ರ ಮಣ್ಣಿನಲ್ಲಿ ಹಲವಾರು ವರ್ಷ ಉಳಿಯುವುದರಿಂದ ರೋಗ ಬಂದ ಜಮೀನಿನಲ್ಲಿ ಮತ್ತೆ ರಸಬಾಳೆ ನೆಡಬಾರದು.

3. ಅರಿಶಿನದ ಎಲೆ ಹಸಿರಾಗಿರುವಾಗಲೇ ಆರೋಗ್ಯವಂತ ಗಿಡಗಳನ್ನು ಗುರುತಿಸಿ, ಬಿತ್ತನೆ ಗೆಡ್ಡೆಯನ್ನು ಅವುಗಳಿಂದಲೇ ಆರಿಸಬೇಕು. ಗೆಡ್ಡೆ ಕೊಳೆ ಕಂಡ ಪಾತಿಯನ್ನು ಕೈಬಿಡಬೇಕು.

4. ಗೆಡ್ಡೆಗಳನ್ನು ಲೀಟರ್ ನೀರಿಗೆ 3 ಗ್ರಾಂ ಮ್ಯಾಂಕೋಜೆಬ್ ಬೆರೆಸಿದ ದ್ರಾವಣದಲ್ಲಿ 30 ನಿಮಿಷ ಅದ್ದಿ, ನೆರಳಿನಲ್ಲಿ ಆರಿಸಿ ನೆಡಬೇಕು.

ಜೋಳದ ರೈತರಿಗೆ ಪ್ರತಿ ಹಂಗಾಮಿನಲ್ಲೂ ಹೊಸ ಬೀಜ ದೊರೆಯುತ್ತದೆ. ಬಾಳೆ, ಅರಿಶಿನದವರಿಗೆ ಆ ಅನುಕೂಲವಿಲ್ಲ. ಅವರು ಆರಿಸಿದ ಕಂದು, ಗೆಡ್ಡೆಯೇ ಮುಂದಿನ ಬೆಳೆಯ ಹಣೆಬರಹ.