ಮೋಟಾರ್ ಬದಲಿಸುವ ಮುನ್ನ

ಲಾರಿ ಉಜ್ಜಿ ತಗ್ಗು ಬಿದ್ದಿದ್ದ ನನ್ನ ಕಾರಿನ ಡ್ರೈವರ್ ಬಾಗಿಲನ್ನು ಟಿಂಕರಿಂಗ್‌ಗೆ ಕೊಟ್ಟಿದ್ದೆ. ಬಾಗಿಲು ಕಳಚಿ, ತಗ್ಗು ಎತ್ತಿ, ಪೇಂಟ್ ಹೊಡೆದು ಅಂದವಾಗಿಯೇ ಕೊಟ್ಟರು. ಆದರೆ ಅಂದಿನಿಂದ ಗಾಜು ತಿಣುಕುತ್ತ ಏರಿ ಅರ್ಧಕ್ಕೇ ನಿಲ್ಲತೊಡಗಿತು. ಸೆಂಟ್ರಲ್ ಲಾಕ್‌ನ ಗುಂಡಿ ಒಮ್ಮೆ ಒತ್ತಿದರೆ ಕೆಲಸ ಮಾಡುತ್ತಿತ್ತು, ಇನ್ನೊಮ್ಮೆ ಇಲ್ಲ. ಕೇಳಿದ್ದಕ್ಕೆ ಸಿಕ್ಕ ಉತ್ತರ: “ಮೋಟಾರ್ ಹೋಗಿದೆ, ಹೊಸದು ಹಾಕಬೇಕು.”

ಒಪ್ಪುವ ಮುನ್ನ ಎಲ್ಲ ಸ್ವಿಚ್‌ಗಳನ್ನೂ ಒತ್ತಿ ನೋಡಿದೆ. ಯಾರೂ ಕೈ ಹಾಕದ ಉಳಿದ ಬಾಗಿಲುಗಳ ಗಾಜುಗಳೂ ನಿಧಾನವಾಗಿದ್ದವು. ಡ್ರೈವರ್ ಬಾಗಿಲಿನ ಸ್ಪೀಕರ್ ಮಾತ್ರ ಸರಿಯಾಗಿತ್ತು. ಒಂದು ಮೋಟಾರ್ ಕೆಟ್ಟರೆ ಬೇರೆ ಮೋಟಾರ್‌ಗಳೇಕೆ ಸೊರಗಬೇಕು? ಅನೇಕ ಕಾರುಗಳಲ್ಲಿ ಎಲ್ಲ ಗಾಜುಗಳ ಮೋಟಾರ್‌ಗಳಿಗೂ ಅರ್ಥಿಂಗ್ ಸಿಗುವುದು ಡ್ರೈವರ್ ಬಳಿಯ ಮಾಸ್ಟರ್ ಸ್ವಿಚ್ ಮೂಲಕ. ಲಾಕ್ ಗುಂಡಿಗೂ ಅದೇ ಅರ್ಥ್ ವೈರು. ಸ್ಪೀಕರ್‌ಗೆ ಅದರದೇ ಪ್ರತ್ಯೇಕ ಜೋಡಿ ವೈರುಗಳಿವೆ. ಕೆಟ್ಟವುಗಳನ್ನೂ ನೆಟ್ಟಗಿರುವುದನ್ನೂ ಹೀಗೆ ಎದುರುಬದುರು ಇಟ್ಟಾಗ ಅನುಮಾನ ಒಂದೇ ವೈರಿನ ಮೇಲೆ ಬಂತು.

ಡೋರ್ ಪ್ಯಾಡ್ ತೆಗೆದು ಬ್ಯಾಟರಿಯಿಂದ ಮೋಟಾರ್‌ಗೆ ನೇರವಾಗಿ ಕರೆಂಟ್ ಕೊಟ್ಟೆ. ಗಾಜು ಸಲೀಸಾಗಿ ಏರಿತು. ಅಲ್ಲಿಗೆ ಮೋಟಾರ್ ಚೆನ್ನಾಗಿದೆ ಎಂದು ಖಚಿತವಾಯಿತು. ಆದರೆ ಮೋಟಾರ್ ಕಪ್ಲರ್ ಬಿಚ್ಚಿಟ್ಟು ಅದರ ವೈರುಗಳಿಗೆ ಮಲ್ಟಿಮೀಟರ್ ಹಿಡಿದು ಸ್ವಿಚ್ ಒತ್ತಿದರೆ ಅದೂ 12 ವೋಲ್ಟ್‌ಗಿಂತ ಹೆಚ್ಚೇ ತೋರಿಸಿತು! ಅನೇಕರು ದಾರಿ ತಪ್ಪುವುದು ಇಲ್ಲಿಯೇ. ವೈರಿನಲ್ಲಿ ನಷ್ಟವಾಗುವ ವೋಲ್ಟೇಜ್ ಅದರ ರೋಧ ಮತ್ತು ಹರಿಯುವ ಕರೆಂಟಿನ ಗುಣಲಬ್ಧ. 1827ರಲ್ಲಿ ಜಾರ್ಜ್ ಓಮ್ ಪ್ರಕಟಿಸಿದ ನಿಯಮ ಇದು. ಮೀಟರ್ ಎಳೆಯುವ ಕರೆಂಟ್ ಅತ್ಯಲ್ಪ. ಹಾಗಾಗಿ ವೈರಿನೊಳಗೆ ತಾಮ್ರದ ಒಂದೇ ಎಳೆ ಉಳಿದಿದ್ದರೂ ಮೀಟರ್‌ಗೆ ಪೂರ್ತಿ ವೋಲ್ಟೇಜ್ ಕಾಣುತ್ತದೆ. ಮೋಟಾರ್‌ಗೆ ಬೇಕಾದ ಹಲವು ಆಂಪಿಯರ್ ಆ ಎಳೆಯಲ್ಲಿ ಸಾಗದು.

ಹಾಗಾಗಿ ಕಪ್ಲರ್ ಮತ್ತೆ ಜೋಡಿಸಿ, ಮೀಟರಿನ ಒಂದು ತುದಿಯನ್ನು ಮಾಸ್ಟರ್ ಸ್ವಿಚ್‌ನ ಅರ್ಥ್ ವೈರಿಗೂ ಇನ್ನೊಂದನ್ನು ಬ್ಯಾಟರಿಯ ನೆಗೆಟಿವ್‌ಗೂ ಹಿಡಿದು, ಗಾಜು ಏರಿಸುತ್ತಲೇ ನೋಡಿದೆ. ಅಲ್ಪಸ್ವಲ್ಪ ಮಾತ್ರ ಕಾಣಬೇಕಾದ ಕಡೆ 3 ವೋಲ್ಟ್‌ಗೂ ಹೆಚ್ಚಿತ್ತು. ಬಾಗಿಲನ್ನು ಮೆಲ್ಲಗೆ ತೆರೆದು ಮುಚ್ಚಿದಂತೆ ಅಂಕಿ ಕುಣಿಯಿತು. ದೋಷವಿದ್ದದ್ದು ಬಾಗಿಲು ಮತ್ತು ಕಂಬದ ನಡುವಿನ ರಬ್ಬರ್ ಕೊಳವೆಯಲ್ಲಿ. ಬಾಗಿಲು ಕಳಚುವಾಗ ಜಗ್ಗಿ ಹೋಗಿದ್ದ ಕಪ್ಪು ವೈರು ಹೊರಗಿನಿಂದ ಇಡಿಯಾಗಿಯೇ ಕಂಡರೂ ಒಳಗೆ ತುಂಡಾಗುತ್ತಿತ್ತು.

ಬಾಗಿಲು ತೆರೆದಾಗಲೆಲ್ಲ ಈ ಜಾಗ ಬಾಗುತ್ತದೆ. ಬೆಸುಗೆ ಹಾಕಿದ ವೈರು ಗಡುಸಾಗಿ ಅಂಚಿನಲ್ಲಿ ಮತ್ತೆ ಮುರಿಯುತ್ತದೆ. ಅದಕ್ಕೆ ಅಷ್ಟೇ ದಪ್ಪದ, ಹೆಚ್ಚು ಎಳೆಗಳ ಹೊಸ ವೈರನ್ನು ಕೊಳವೆಯುದ್ದಕ್ಕೂ ತೂರಿಸಿ, ಜೋಡಣೆಗಳನ್ನು ಬಾಗದ ಕಡೆಯಲ್ಲಿ ಮಾಡಬೇಕು. ಕೊಳವೆ ಸರಿಯಾಗಿ ಕೂರದಿದ್ದರೆ, ಡೋರ್ ಪ್ಯಾಡ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಮತ್ತೆ ಅಂಟಿಸದಿದ್ದರೆ ಮಳೆಗಾಲದಲ್ಲಿ ನೀರು ಒಳಬಂದು ಹೊಸ ತೊಂದರೆ ಶುರುವಾಗುತ್ತದೆ. ಏರ್‌ಬ್ಯಾಗ್‌ನ ಹಳದಿ ಕಪ್ಲರ್ ಕಂಡರೆ ಅದಕ್ಕೆ ಮೀಟರ್ ಚುಚ್ಚಲೇಬಾರದು.

ಬಾಗಿಲನ್ನು ರಿಪೇರಿಗೆ ಕೊಡುವವರಿಗೆ ನನ್ನ ಮಾತಿಷ್ಟೆ. ಕೊಡುವ ಮೊದಲೂ ತರುವಾಗಲೂ ಗಾಜು, ಲಾಕ್, ಕನ್ನಡಿ, ಸ್ಪೀಕರ್ ಎಲ್ಲವನ್ನೂ ಗ್ಯಾರೇಜಿನವರ ಎದುರಿಗೇ ಒತ್ತಿ ನೋಡಿ. ಆಮೇಲೂ ಏನಾದರೂ ಕೆಟ್ಟರೆ, ಎಲ್ಲೆಲ್ಲಿ ಕೈಯಾಡಿತ್ತೋ ಅಲ್ಲಿಂದಲೇ ಹುಡುಕಿಸಿ. ಹೊಸ ಮೋಟಾರ್ ಬೇಕೆಂದರೆ, ಹಳೆಯದಕ್ಕೆ ನೇರ ಕರೆಂಟ್ ಕೊಟ್ಟು ತೋರಿಸಿ ಎಂದು ಕೇಳಿ. ಹಾಗೆ ಕೇಳುವುದು ದುಡ್ಡು ಕೊಡುವವರ ಹಕ್ಕು. ಕೆಲಸ ಬಲ್ಲ ಮೆಕ್ಯಾನಿಕ್ ಅದನ್ನು ಸಂತೋಷದಿಂದಲೇ ತೋರಿಸುತ್ತಾನೆ.